ಕ್ರ್ಯಾಂಕ್ ಪುಲ್ಲಿ ಕೈಕೊಟ್ಟಾಗ: ಕಾರು ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾನೆಟ್ ಒಳಗಿನಿಂದ ಬರುವ ಕಿರುಚಾಟಕ್ಕೆ ಕಾರಣ ತಿಳಿಯದೆ ಒಂದಾದ ಮೇಲೊಂದು ಬಿಡಿಭಾಗ ಬದಲಿಸುತ್ತಿರುವವರು, ನಡುದಾರಿಯಲ್ಲಿ ಬೆಲ್ಟ್ ಕಿತ್ತುಹೋಗಿ ನಿಂತವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳಿವು. ನಾನು ಮೆಕ್ಯಾನಿಕ್ ಅಲ್ಲ. ಇದೇ ತೊಂದರೆಯನ್ನು ಅನುಭವಿಸಿ, ಅದರ ಬುಡ ಹುಡುಕಿಕೊಂಡು ಹೋದ ಕಾರು ಮಾಲೀಕ. ನಿಮ್ಮ ಕಾರಿನ ಅಳತೆ, ಬೋಲ್ಟು, ಬಿಗಿತದ ಲೆಕ್ಕಕ್ಕೆ ಅದರದೇ ಕೈಪಿಡಿಯನ್ನು ನೋಡಬೇಕು. ಇಲ್ಲಿರುವುದು ಎಂಜಿನ್ ಇರುವ ಯಾವ ಕಾರಿಗಾದರೂ ಅನ್ವಯಿಸುವ ತಿಳಿವಳಿಕೆ.

ಕ್ರ್ಯಾಂಕ್ ಪುಲ್ಲಿ ಎಂದರೆ ಯಾವುದು? ಎಲ್ಲಿರುತ್ತದೆ?

ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ತುದಿಗೆ ಕೂರಿಸಿದ ಚಕ್ರವೇ ಕ್ರ್ಯಾಂಕ್ ಪುಲ್ಲಿ. ನಮ್ಮ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುವುದರಿಂದ ಇದು ಮುಂದಿನ ಒಂದು ಚಕ್ರದ ಕಡೆಗೆ, ಕೆಳಭಾಗದಲ್ಲಿರುತ್ತದೆ. ಮೇಲಿನಿಂದ ಸುಲಭವಾಗಿ ಕಾಣುವುದಿಲ್ಲ. ಆ ಚಕ್ರವನ್ನು ತೆಗೆದು, ಒಳಗಿನ ಪ್ಲಾಸ್ಟಿಕ್ ಮರೆಯನ್ನು ಸರಿಸಿದರೆ ಎದುರಿಗೇ ಸಿಗುತ್ತದೆ. ಇದರ ಮೇಲೆ ಓಡುವ ಉದ್ದಗೆರೆಗಳ ಬೆಲ್ಟು ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್, ಹೈಡ್ರಾಲಿಕ್ ಸ್ಟೀರಿಂಗ್ ಇದ್ದರೆ ಅದರ ಪಂಪ್, ಕೆಲವು ಎಂಜಿನ್‌ಗಳಲ್ಲಿ ನೀರಿನ ಪಂಪ್, ಇವೆಲ್ಲವನ್ನೂ ತಿರುಗಿಸುತ್ತದೆ.

ಅದು ಬರೀ ಲೋಹದ ಚಕ್ರವಲ್ಲವೇ? ಹಾಳಾಗುವುದಾದರೂ ಏನು?

ಬಹುತೇಕ ಕಾರುಗಳಲ್ಲಿ ಅದು ಒಂದೇ ತುಂಡಿನ ಲೋಹವಲ್ಲ. ಒಳಗೆ ಒಂದು ಗುಂಬ (ಹಬ್), ಹೊರಗೆ ಒಂದು ಬಳೆ, ಇವೆರಡರ ನಡುವೆ ಬಿಗಿಯಾಗಿ ಕೂಡಿಸಿದ ರಬ್ಬರಿನ ಪಟ್ಟಿ. ಗುಂಬವನ್ನು ಕ್ರ್ಯಾಂಕ್‌ಶಾಫ್ಟ್‌ಗೆ ಬೋಲ್ಟ್ ಮಾಡಿರುತ್ತಾರೆ. ಬೆಲ್ಟ್ ಓಡುವುದು ಹೊರಬಳೆಯ ಮೇಲೆ. ಅಂದರೆ ಬೆಲ್ಟಿಗೆ ಹೋಗುವ ಶಕ್ತಿಯೆಲ್ಲ ಆ ರಬ್ಬರನ್ನು ದಾಟಿಯೇ ಹೋಗಬೇಕು.

ರಬ್ಬರ್ ಯಾಕೆ ಬೇಕು ಎನ್ನುವುದು ಈ ಇಡೀ ವಿಷಯದ ತಿರುಳು. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ಒಂದು ಸುತ್ತು ಬರುವಷ್ಟರಲ್ಲಿ ಎರಡು ಸಲ ಇಂಧನ ಉರಿಯುತ್ತದೆ. ಗಾಡಿ ನಿಂತಿದ್ದು ಎಂಜಿನ್ ಮಾತ್ರ ಓಡುವ, ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗ್‌ನಲ್ಲಿ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 27 ಹೊಡೆತ. ಪ್ರತಿ ಹೊಡೆತವೂ ಆ ಉಕ್ಕಿನ ದಂಡವನ್ನು ಒದ್ದೆ ಬಟ್ಟೆ ಹಿಂಡಿದಂತೆ ಒಂದಿಷ್ಟು ತಿರುಚಿ ಬಿಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತಿರುಚು, ಆದರೆ ಕೆಲವು ವೇಗಗಳಲ್ಲಿ ಒಂದರ ಮೇಲೊಂದು ಸೇರಿ ಬೆಳೆಯುತ್ತದೆ. ಹಾಗೆ ಬೆಳೆಯದಂತೆ ಹೊರಬಳೆಯ ತೂಕವೂ ನಡುವಿನ ರಬ್ಬರೂ ಸೇರಿ ಕಂಪನವನ್ನು ಹೀರಿಕೊಳ್ಳುತ್ತವೆ. ಆದ್ದರಿಂದಲೇ ಇದನ್ನು ಡ್ಯಾಂಪರ್ ಪುಲ್ಲಿ ಎಂದೂ ಕರೆಯುತ್ತಾರೆ. ಒತ್ತಡ ಹೆಚ್ಚಿರುವ ಡೀಸೆಲ್ ಎಂಜಿನ್‌ಗಳಲ್ಲಿ ಈ ಹೊಡೆತ ಇನ್ನೂ ಜೋರು.

ಇಷ್ಟು ಕೆಲಸ ಮಾಡುವ ರಬ್ಬರ್ ಎಂಜಿನ್ನಿನ ಬಿಸಿಯಲ್ಲಿ ಒಣಗುತ್ತದೆ, ಬಿರುಕು ಬಿಡುತ್ತದೆ. ಆಯಿಲ್ ಸೀಲ್ ಸೋರಿ ಎಣ್ಣೆ ತಾಗಿದರೆ ಮೆತ್ತಗಾಗಿ ಉಬ್ಬುತ್ತದೆ. ಕೊನೆಗೆ ಲೋಹದಿಂದ ಅಂಟು ಬಿಡುತ್ತದೆ.

ನಿಮ್ಮ ಕಾರಿನಲ್ಲಿ ನಿಜವಾಗಿ ಆಗಿದ್ದೇನು?

ನನ್ನದು ಲಕ್ಷ ಕಿಲೋಮೀಟರ್ ದಾಟಿದ ಡೀಸೆಲ್ ಹ್ಯಾಚ್‌ಬ್ಯಾಕ್. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕಿರ್‌ರ್ ಎಂಬ ಸದ್ದು ಶುರುವಾಯಿತು. ಎ.ಸಿ. ಹಾಕಿದರೆ ಹೆಚ್ಚು, ಎಂಜಿನ್ ಬಿಸಿಯಾದ ಮೇಲೆ ಕಡಿಮೆ. ಹಾಸನದ ಒಂದು ಸರ್ವಿಸ್ ಸೆಂಟರ್‌ನಲ್ಲಿ ಬೆಲ್ಟ್ ಬದಲಿಸಿದರು. ಸದ್ದು ಹೋಯಿತು, ಕೆಲವು ವಾರಗಳಲ್ಲಿ ಮರಳಿತು. ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಬದಲಿಸಿದರು. ಮತ್ತೆ ಅದೇ ಕಥೆ. ಆಲ್ಟರ್ನೇಟರ್ ಬೇರಿಂಗ್ ಹೋಗಿದೆ, ಇಡೀ ಆಲ್ಟರ್ನೇಟರ್ ಹಾಕಿಸಿ ಎಂದರು. ಪ್ರತಿ ಸಲವೂ ಬಿಲ್ಲು ಬಂತು. ಒಮ್ಮೆಯೂ ಯಾರೂ ಚಕ್ರ ಬಿಚ್ಚಿ ಕೆಳಗಿನ ಪುಲ್ಲಿಯ ಮುಖ ನೋಡಲಿಲ್ಲ.

ಆಲ್ಟರ್ನೇಟರ್ ವಿಷಯ ತೀರ್ಮಾನವಾಗುವ ಮೊದಲೇ ಮಂಗಳೂರಿಗೆ ಹೋಗಬೇಕಾಯಿತು. ಶಿರಾಡಿ ಘಾಟಿಯಲ್ಲಿ, ಮಾರನಹಳ್ಳಿ ದಾಟಿದ ಮೇಲೆ ಮಳೆ ಹಿಡಿದಿತ್ತು. ಮೊದಲು ಡ್ಯಾಶ್‌ಬೋರ್ಡ್‌ನಲ್ಲಿ ಬ್ಯಾಟರಿಯ ಕೆಂಪು ದೀಪ ಮಿನುಗಿತು, ಆರಿತು, ಮತ್ತೆ ಹತ್ತಿತು. ಮುಂದಿನ ತಿರುವಿನಲ್ಲಿ ಸ್ಟೀರಿಂಗ್ ಒಮ್ಮೆಲೇ ಭಾರವಾಯಿತು. ಎರಡೂ ಕೈಯ ಬಲ ಹಾಕಿ ತಿರುಗಿಸಬೇಕಾಯಿತು. ಇಳಿಜಾರಿನಲ್ಲಿ, ಹಿಂದೆ ಟ್ಯಾಂಕರ್ ಲಾರಿ ಇರುವಾಗ ಹಾಗಾದರೆ ಎದೆ ಝಲ್ಲೆನ್ನುತ್ತದೆ. ಅಗಲವಾದ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ ಎಂಜಿನ್ ಆರಿಸಿದೆ. ಬೆಲ್ಟ್ ಅಂಚು ಹರಿದು ದಾರದಾರವಾಗಿ ನೇತಾಡುತ್ತಿತ್ತು.

ಗಾಡಿಯನ್ನು ಉಪ್ಪಿನಂಗಡಿಗೆ ಎಳೆಸಿಕೊಂಡು ಹೋದೆವು. ಅಲ್ಲಿನ ಸಣ್ಣ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಚಕ್ರ ಬಿಚ್ಚಿ, ಪುಲ್ಲಿಯ ಮುಖವನ್ನು ಬಟ್ಟೆಯಿಂದ ಒರೆಸಿ, ಗುಂಬದಿಂದ ಬಳೆಯವರೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಗಟ್ಟಿಯಿದ್ದ ಹಳೆಯ ಬೆಲ್ಟೊಂದನ್ನು ಹಾಕಿ, ಎಂಜಿನ್ ಒಂದಿಷ್ಟು ಹೊತ್ತು ಓಡಿಸಿ ಆರಿಸಿದರು. ಒಳಗಿನ ಅರ್ಧ ಗೆರೆ ಒಂದು ಕಡೆ, ಹೊರಗಿನ ಅರ್ಧ ಗೆರೆ ಇನ್ನೊಂದು ಕಡೆ! ಗುಂಬ ತಿರುಗುತ್ತಿತ್ತು, ಬಳೆ ಜಾರುತ್ತಿತ್ತು. ಕೆಳಗಿನ ಪ್ಲಾಸ್ಟಿಕ್ ಮರೆಯ ಮೇಲೆ ರಬ್ಬರಿನ ಕಪ್ಪು ಪುಡಿ ಬಿದ್ದಿತ್ತು. ಪುಲ್ಲಿ ಬದಲಾದ ಮೇಲೆ ಹಳೆಯ ಆಲ್ಟರ್ನೇಟರೇ ಸದ್ದಿಲ್ಲದೆ ಓಡುತ್ತಿದೆ.

ಬೆಲ್ಟ್ ಬದಲಿಸಿದಾಗ ಸದ್ದು ತಾತ್ಕಾಲಿಕವಾಗಿ ನಿಂತಿದ್ದು ಯಾಕೆ?

ಹೊಸ ಬೆಲ್ಟಿನ ಗೆರೆಗಳು ಚೂಪಾಗಿರುತ್ತವೆ, ಹಿಡಿತ ಹೆಚ್ಚು. ಬಳೆ ಓಲಾಡಿದರೂ ಒಂದಷ್ಟು ದಿನ ಕಚ್ಚಿಕೊಂಡಿರುತ್ತದೆ. ಅಂಚು ಸವೆದ ಕೂಡಲೇ ಹಳೆಯ ಸದ್ದು ಮರಳುತ್ತದೆ. ಹೊಸ ಬೆಲ್ಟ್ ಬೇಗ ಹಾಳಾಯಿತೆಂದರೆ ತಪ್ಪು ಹೆಚ್ಚಾಗಿ ಬೆಲ್ಟಿನದಲ್ಲ, ಅದನ್ನು ಓಡಿಸುತ್ತಿರುವ ಯಾವುದೋ ಚಕ್ರದ್ದು. ಎರಡನೇ ಬೆಲ್ಟಿಗೆ ದುಡ್ಡು ಕೊಡುವ ಮೊದಲು ಪುಲ್ಲಿಗಳನ್ನೆಲ್ಲ ಪರೀಕ್ಷಿಸಿ ಎಂದು ಪಟ್ಟು ಹಿಡಿಯಿರಿ.

ಯಾವ ಲಕ್ಷಣ ಕಂಡರೆ ಕ್ರ್ಯಾಂಕ್ ಪುಲ್ಲಿಯ ಮೇಲೆ ಅನುಮಾನ ಪಡಬೇಕು?

ಸ್ಟಾರ್ಟ್ ಮಾಡಿದಾಗ ಅಥವಾ ಎ.ಸಿ. ಹಾಕಿದಾಗ ಕಿರುಚುವುದು ಮೊದಲನೆಯದು. ಬಾನೆಟ್ ಎತ್ತಿ ನೋಡಿದರೆ ಬೆಲ್ಟ್ ಅಕ್ಕಪಕ್ಕಕ್ಕೆ ಓಲಾಡುವುದು, ಟೆನ್ಷನರಿನ ತೋಳು ಸ್ಥಿರವಾಗಿ ನಿಲ್ಲದೆ ಕುಣಿಯುವುದು. ಬೆಲ್ಟಿನ ಒಂದೇ ಅಂಚು ಸವೆಯುವುದು. ಐಡ್ಲಿಂಗ್‌ನಲ್ಲಿ ಮೊದಲಿಗಿಂತ ಹೆಚ್ಚು ನಡುಕ. ಸುಟ್ಟ ರಬ್ಬರಿನ ವಾಸನೆ. ಎಂಜಿನ್ನಿನ ಕೆಳಗಿನಿಂದ ಟಕ್ ಟಕ್ ಸದ್ದು ಕೇಳಿ, ಬೇರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು ಎಂದು ಯಾರಾದರೂ ಹೇಳಿದರೆ, ಬಿಚ್ಚುವ ಮೊದಲು ಪುಲ್ಲಿಯನ್ನು ನೋಡಿಸಿ. ಸಡಿಲವಾದ ಹೊರಬಳೆಯ ಬಡಿತ ಎಂಜಿನ್ನಿನ ಒಳಗಿನ ಬಡಿತದ ಹಾಗೆಯೇ ಕೇಳಿಸುತ್ತದೆ.

ಮನೆಯಲ್ಲೇ ಪರೀಕ್ಷಿಸಲು ಸಾಧ್ಯವೇ?

ಸಾಧ್ಯ. ಆದರೆ ಎಂಜಿನ್ ಓಡುವಾಗ ಬೆಲ್ಟಿನ ಹತ್ತಿರ ಕೈ, ದುಪಟ್ಟಾ, ಸಡಿಲ ತೋಳು, ಬಿಚ್ಚಿದ ಕೂದಲು ಯಾವುದೂ ಹೋಗಕೂಡದು. ರೇಡಿಯೇಟರ್ ಫ್ಯಾನ್ ತಾನಾಗಿಯೇ ಶುರುವಾಗುತ್ತದೆ ಎನ್ನುವುದೂ ನೆನಪಿರಲಿ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ.

ಮೊದಲ ಪರೀಕ್ಷೆ ಕಣ್ಣಿನದು. ಎಂಜಿನ್ ಆರಿಸಿ, ಮುಂದಿನ ಚಕ್ರವನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ, ಮೊಬೈಲ್ ಟಾರ್ಚ್ ಬಿಟ್ಟು ಗುಂಬ ಮತ್ತು ಬಳೆಯ ನಡುವಿನ ರಬ್ಬರನ್ನು ನೋಡಿ. ಬಿರುಕು, ಹೊರಗೆ ಉಬ್ಬಿದ ತುಟಿ, ಕಿತ್ತುಹೋದ ತುಣುಕು, ಎಣ್ಣೆಯ ಹೊಳಪು ಇದ್ದರೆ ಬೇರೆ ಸಾಕ್ಷಿ ಬೇಡ. ಬಳೆಯ ಮುಖ ಗುಂಬದ ಮುಖಕ್ಕಿಂತ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ಅಷ್ಟೇ.

ಎರಡನೆಯದು ಸೀಮೆಸುಣ್ಣದ ಗೆರೆ. ಉಪ್ಪಿನಂಗಡಿಯಲ್ಲಿ ನಾನು ಕಂಡದ್ದೇ. ಮಳೆಗಾಲದಲ್ಲಿ ಸೀಮೆಸುಣ್ಣ ತೊಳೆದುಹೋಗುತ್ತದೆ, ಬಿಳಿ ಪೇಂಟ್ ಪೆನ್ ಉತ್ತಮ. ಗೆರೆ ಎಳೆದು ಎ.ಸಿ., ಹೆಡ್‌ಲೈಟ್ ಹಾಕಿ ಗಾಡಿ ನಿಂತಲ್ಲೇ ಎಂಜಿನ್ನನ್ನು ಒಂದಿಷ್ಟು ಹೊತ್ತು ಓಡಿಸಿ, ಆರಿಸಿ ನೋಡಿ. ಗೆರೆ ತುಂಡಾಗಿ ಎರಡು ಕಡೆ ಕಂಡರೆ ಪುಲ್ಲಿ ಮುಗಿದಿದೆ. ಗೆರೆ ಸರಿಯಾಗಿದ್ದರೂ ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಿಸುವುದೇ ಸರಿ. ಇಂದು ಜಾರದ್ದು ನಾಳೆ ಜಾರುತ್ತದೆ.

ಮೂರನೆಯದು ನೀರಿನದು. ಕಿರುಚುವಾಗ ದೂರದಿಂದಲೇ ಬೆಲ್ಟಿನ ಗೆರೆಗಳಿರುವ ಬದಿಗೆ ಒಂದಿಷ್ಟು ನೀರು ಚಿಮುಕಿಸಿ. ಸದ್ದು ಆ ಕ್ಷಣ ನಿಂತು ಮತ್ತೆ ಬಂದರೆ ಚಕ್ರಗಳು ಒಂದೇ ಸಾಲಿನಲ್ಲಿಲ್ಲ ಎಂಬ ಸೂಚನೆ. ಸದ್ದು ಜೋರಾದರೆ ಬೆಲ್ಟಿನ ಬಿಗಿ ಸಾಲದು ಎಂಬ ಸೂಚನೆ. ಓಲಾಡುವ ಬಳೆ ಮೊದಲನೆಯದನ್ನು ತೋರಿಸುತ್ತದೆ. ಬೆಲ್ಟಿಗೆ ಹಚ್ಚುವ ಸ್ಪ್ರೇ, ಸೋಪು, ಪೌಡರ್ ಯಾವುದೂ ಬೇಡ. ಅವು ರೋಗ ಮುಚ್ಚುತ್ತವೆಯೇ ಹೊರತು ವಾಸಿ ಮಾಡುವುದಿಲ್ಲ.

ಇನ್ನೊಂದು ಪರೀಕ್ಷೆ ಗ್ಯಾರೇಜಿನಲ್ಲಿ ಮಾಡುವಂಥದ್ದು. ಬೆಲ್ಟ್ ತೆಗೆದು ಎಂಜಿನ್ನನ್ನು ಅರ್ಧ ನಿಮಿಷದ ಒಳಗೆ ಓಡಿಸಿ ಆರಿಸುವುದು. ಸದ್ದು ಹೋದರೆ ದೋಷ ಬೆಲ್ಟಿನ ಬಳಗದಲ್ಲಿದೆ. ಆಗ ಟೆನ್ಷನರ್, ಬೆಲ್ಟಿಗೆ ದಾರಿ ತೋರುವ ಐಡ್ಲರ್, ಆಲ್ಟರ್ನೇಟರ್ ಚಕ್ರಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ ನೋಡಬಹುದು. ಗರಗರ ಎನ್ನುವುದು, ಅಲುಗಾಡುವುದು, ತಡೆಯೇ ಇಲ್ಲದೆ ಬಹಳ ಹೊತ್ತು ತಿರುಗುತ್ತಲೇ ಇರುವುದು, ಈ ಮೂರು ಲಕ್ಷಣವೂ ಬೇರಿಂಗ್ ಸವೆದ ಅಥವಾ ಒಣಗಿದ ಗುರುತು.

ಆಲ್ಟರ್ನೇಟರಿನ ಪುಲ್ಲಿಯೂ ಇದೇ ರೀತಿ ಹಾಳಾಗುತ್ತದೆಯೇ?

ಬೇರೆ ರೀತಿ. ಈಗಿನ ಅನೇಕ ಡೀಸೆಲ್ ಕಾರುಗಳ ಆಲ್ಟರ್ನೇಟರ್ ಪುಲ್ಲಿಯೊಳಗೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇರುತ್ತದೆ. ಅದು ಸಿಕ್ಕಿಹಾಕಿಕೊಂಡರೆ ಟೆನ್ಷನರ್ ಕುಣಿಯುತ್ತದೆ. ಪೂರ್ತಿ ಸಡಿಲವಾದರೆ ಚಾರ್ಜ್ ಆಗುವುದು ನಿಲ್ಲುತ್ತದೆ. ಎಂಜಿನ್ ಆರಿಸಿದ ಕ್ಷಣ ಝರ್ ಎಂದು ಸದ್ದು ಬಂದರೆ ಮೊದಲು ಇದನ್ನು ನೋಡಿಸಿ. ಆ ಪುಲ್ಲಿಯನ್ನು ಮಾತ್ರ ಪ್ರತ್ಯೇಕವಾಗಿ ಬದಲಿಸಬಹುದು, ಇಡೀ ಆಲ್ಟರ್ನೇಟರ್ ಬೇಕಿಲ್ಲ.

ಚಾರ್ಜಿಂಗ್ ಸರಿಯಿದೆಯೇ ಎಂದು ತಿಳಿಯಲು ಮಲ್ಟಿಮೀಟರ್ ಸಾಕು. ಎಂಜಿನ್ ಆರಿಸಿಟ್ಟ ಚಾರ್ಜ್ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ. ಹೊಸ ಕೆಲವು ಕಾರುಗಳು ಚಾರ್ಜಿಂಗನ್ನು ಕಂಪ್ಯೂಟರಿನಿಂದ ಹೆಚ್ಚು ಕಡಿಮೆ ಮಾಡುತ್ತವೆ, ಅವುಗಳಲ್ಲಿ ಅಂಕಿ ಏರಿಳಿಯುವುದು ಸಹಜ.

ಇದೇ ಸ್ಥಿತಿಯಲ್ಲಿ ಇನ್ನೂ ಸ್ವಲ್ಪ ದಿನ ಓಡಿಸಬಹುದೇ?

ಬೇಡ. ಇದನ್ನು ಒತ್ತಿ ಹೇಳುತ್ತೇನೆ. ಪುಲ್ಲಿ ಜಾರಿದರೆ ಎ.ಸಿ. ತಂಪಾಗದಿರುವುದು, ಬ್ಯಾಟರಿ ಇಳಿಯುವುದು ಸಣ್ಣ ನಷ್ಟ. ನೀರಿನ ಪಂಪ್ ಇದೇ ಬೆಲ್ಟಿನಲ್ಲಿದ್ದರೆ ಎಂಜಿನ್ ಕಾದು, ಅದರ ಮೇಲ್ಭಾಗದ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋಗಬಹುದು. ಪಿಸ್ಟನ್ನೂ ವಾಲ್ವೂ ತಾಳ ತಪ್ಪದಂತೆ ಓಡಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್‌ಗಳಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಹರಿದ ಬೆಲ್ಟಿನ ದಾರ ಕ್ರ್ಯಾಂಕ್ ಪುಲ್ಲಿಯ ಹಿಂದಿನಿಂದ ಟೈಮಿಂಗ್ ಕವರಿನೊಳಗೆ ನುಸುಳಿ ಟೈಮಿಂಗ್ ಬೆಲ್ಟನ್ನು ಹಲ್ಲು ತಪ್ಪಿಸಿದರೆ, ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ. ಆಗ ಎಂಜಿನ್ ಬಿಚ್ಚುವುದು ಬಿಟ್ಟು ದಾರಿಯಿಲ್ಲ. ಡ್ಯಾಂಪರ್ ಕೆಲಸ ಮಾಡದ ಎಂಜಿನ್ನನ್ನು ಬಹುಕಾಲ ಓಡಿಸಿದರೆ ಕ್ರ್ಯಾಂಕ್‌ಶಾಫ್ಟೇ ದಣಿದು ಬಿರುಕು ಬಿಡುವ ಸಂಭವವೂ ಇದೆ.

ದಾರಿಯಲ್ಲಿ ಬೆಲ್ಟ್ ಕಿತ್ತುಹೋದರೆ ಏನು ಮಾಡಬೇಕು?

ಬ್ಯಾಟರಿ ದೀಪ ಮತ್ತು ಭಾರವಾದ ಸ್ಟೀರಿಂಗ್ ಒಟ್ಟಿಗೆ ಬಂದರೆ ಬೆಲ್ಟ್ ಹೋಗಿದೆ ಎಂದೇ ತಿಳಿಯಿರಿ. ಸ್ಟೀರಿಂಗ್ ಭಾರವಾಗುತ್ತದೆ, ಲಾಕ್ ಆಗುವುದಿಲ್ಲ. ಬಲ ಹಾಕಿದರೆ ತಿರುಗುತ್ತದೆ. ಗಾಡಿ ಚಲಿಸುತ್ತಿರುವಾಗ ಕೀಲಿಯನ್ನು ಆರಿಸಬೇಡಿ. ಕೆಲವು ಹಳೆಯ ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ನಿರ್ವಾತ ಕೊಡುವ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಅವುಗಳಲ್ಲಿ ಬೆಲ್ಟ್ ಹೋದರೆ ಬ್ರೇಕಿನ ಸಹಾಯವೂ ಬೇಗ ಮುಗಿಯುತ್ತದೆ. ಹಾಗಾಗಿ ಪೆಡಲನ್ನು ಮತ್ತೆ ಮತ್ತೆ ತುಳಿದು ಬಿಡದೆ, ಗೇರ್ ಇಳಿಸಿ, ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿದು ನಿಲ್ಲಿಸಿ. ತಾಪಮಾನದ ಮುಳ್ಳಿನ ಮೇಲೆ ಕಣ್ಣಿರಲಿ. ಸುರಕ್ಷಿತ ಜಾಗ ಸಿಕ್ಕಿದ ಮೇಲೆ ಹಜಾರ್ಡ್ ದೀಪ ಹಾಕಿ, ತ್ರಿಕೋನ ಇಟ್ಟು, ಎಂಜಿನ್ ಆರಿಸಿ. ಮುಂದಿನ ಊರು ಹತ್ತಿರವೇ ಇದೆ ಎಂದು ಓಡಿಸಿಕೊಂಡು ಹೋಗುವ ಯೋಚನೆ ಬೇಡ. ಹರಿದ ದಾರ ಒಳಕ್ಕೆ ಎಳೆದುಕೊಳ್ಳುವುದು ಆ ಓಟದಲ್ಲೇ.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು?

ಬಹುತೇಕ ಕೈಪಿಡಿಗಳಲ್ಲಿ ಇದಕ್ಕೆ ನಿಗದಿತ ಅವಧಿಯಿಲ್ಲ. ಬೆಲ್ಟ್ ಬದಲಿಸುವಾಗಲೆಲ್ಲ ರಬ್ಬರನ್ನು ನೋಡುವುದು, ಟೈಮಿಂಗ್ ಬೆಲ್ಟ್ ಕೆಲಸಕ್ಕೆ ಪುಲ್ಲಿ ಹೇಗೂ ಬಿಚ್ಚುವುದರಿಂದ ಸಂಶಯವಿದ್ದರೆ ಆಗಲೇ ಹೊಸದು ಹಾಕಿಸುವುದು ನನ್ನ ಸಲಹೆ. ಬೆಲ್ಟಿನ ಬಗ್ಗೆ ಒಂದು ಮಾತು: ಈಗಿನ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರಿನ ಬೆಲ್ಟುಗಳು ಹಳೆಯವುಗಳಂತೆ ಬಿರುಕು ಬಿಡುವುದು ಕಡಿಮೆ, ಗೆರೆಗಳು ಸದ್ದಿಲ್ಲದೆ ಸವೆಯುತ್ತವೆ. ಬಿರುಕಿಲ್ಲ ಎಂದ ಮಾತ್ರಕ್ಕೆ ಬೆಲ್ಟ್ ಚೆನ್ನಾಗಿದೆ ಎಂದಲ್ಲ.

ಬದಲಿಸುವಾಗ ಮೆಕ್ಯಾನಿಕ್‌ಗೆ ಏನು ಕೇಳಬೇಕು?

ಬೋಲ್ಟಿನ ಬಗ್ಗೆ ಕೇಳಿ. ಅನೇಕ ಎಂಜಿನ್‌ಗಳಲ್ಲಿ ನಡುವಿನ ದೊಡ್ಡ ಬೋಲ್ಟನ್ನು ಒಂದು ಹಂತದವರೆಗೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿದು, ಆಮೇಲೆ ಇಷ್ಟು ಡಿಗ್ರಿ ಎಂದು ತಿರುಗಿಸುತ್ತಾರೆ. ಅಂಥ ಬೋಲ್ಟ್ ಒಮ್ಮೆ ಹಿಗ್ಗಿದ ಮೇಲೆ ಮರುಬಳಕೆಗೆ ಬರುವುದಿಲ್ಲ, ಹೊಸದೇ ಬೇಕು. ಕೆಲವು ಎಂಜಿನ್‌ಗಳಲ್ಲಿ ಅದರ ತಿರುಪು ಉಲ್ಟಾ ಇರುತ್ತದೆ. ಇನ್ನು ಕೆಲವದರಲ್ಲಿ ಟೈಮಿಂಗ್ ಹಲ್ಲುಚಕ್ರವನ್ನು ದಂಡಕ್ಕೆ ಸಿಕ್ಕಿಸುವ ಲೋಹದ ಕೀಲಿಯೇ ಇಲ್ಲ, ಅದು ಬೋಲ್ಟಿನ ಬಿಗಿತದಿಂದಲೇ ನಿಂತಿರುತ್ತದೆ. ಎಂಜಿನ್ನನ್ನು ಲಾಕ್ ಮಾಡುವ ಉಪಕರಣ ಹಾಕದೆ ಆ ಬೋಲ್ಟ್ ಸಡಿಲಿಸಿದರೆ ಟೈಮಿಂಗ್ ತಪ್ಪುತ್ತದೆ. ಪುಲ್ಲಿಯನ್ನು ಸುತ್ತಿಗೆಯಿಂದ ಹೊಡೆದು, ಅಂಚಿಗೆ ಸಲಾಕೆ ಕೊಟ್ಟು ಎಬ್ಬಿಸುವವರನ್ನು ತಡೆಯಿರಿ. ಪುಲ್ಲಿ ಹೊರಬಂದಾಗ ಅದರ ಹಿಂದಿನ ಆಯಿಲ್ ಸೀಲ್ ಸೋರುತ್ತಿದೆಯೇ ಎಂದು ನೋಡಿಸಿ. ಸೋರುವ ಸೀಲ್ ಹಾಗೇ ಉಳಿದರೆ ಹೊಸ ರಬ್ಬರಿಗೂ ಹಳೆಯದರ ಗತಿಯೇ.

ಹಳೆಯ ಪುಲ್ಲಿಯನ್ನು ನಿಮ್ಮ ಕೈಗೆ ಕೊಡಲು ಹೇಳಿ. ಬಳೆಯನ್ನು ಹಿಡಿದು ತಿರುಚಿ ನೋಡಿದರೆ ಹಾಳಾಗಿತ್ತೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ.

ಹಳೆಯ ಪುಲ್ಲಿಗೆ ವೆಲ್ಡಿಂಗ್ ಮಾಡಿಸಿದರೆ ಅಥವಾ ರಬ್ಬರ್ ತುಂಬಿಸಿದರೆ ಸಾಲದೇ?

ಸಾಲದು. ವೆಲ್ಡ್ ಮಾಡಿದರೆ ಬಳೆ ಜಾರುವುದಿಲ್ಲ ನಿಜ, ಆದರೆ ಕಂಪನ ಹೀರುವ ಕೆಲಸ ಸತ್ತುಹೋಗುತ್ತದೆ, ಸಮತೋಲವೂ ಕೆಡುತ್ತದೆ. ಓಟ ಚುರುಕಾಗುತ್ತದೆ ಎಂದು ಮಾರುವ ಹಗುರ ಅಲ್ಯೂಮಿನಿಯಂ ಪುಲ್ಲಿಗಳನ್ನೂ ಡ್ಯಾಂಪರ್ ಇದ್ದ ಎಂಜಿನ್‌ಗೆ ಹಾಕಬೇಡಿ.

ಬಿಡಿಭಾಗ ಎಲ್ಲಿ ಕೊಳ್ಳಬೇಕು? ಖರ್ಚು ಎಷ್ಟಾಗಬಹುದು?

ಕಾರು ಕಂಪನಿಯ ಬಿಡಿಭಾಗದ ಕೌಂಟರ್ ಒಂದು ದಾರಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೆಸರಾಂತ ಬ್ರ್ಯಾಂಡ್‌ಗಳ ಪುಲ್ಲಿ, ಬೆಲ್ಟ್, ಟೆನ್ಷನರ್ ಸಿಗುತ್ತವೆ. ಚಾಸಿ ನಂಬರ್ ಕೊಟ್ಟು ಭಾಗದ ಸಂಖ್ಯೆ ತಾಳೆ ನೋಡಿ, ಜಿ.ಎಸ್.ಟಿ. ಬಿಲ್ ಪಡೆದು ಕೊಳ್ಳಿ. ಒಂದೇ ಮಾದರಿಯ ಕಾರಿಗೆ ಎ.ಸಿ. ಇರುವುದು ಇಲ್ಲದ್ದು, ಪೆಟ್ರೋಲ್, ಡೀಸೆಲ್ ಎಂದು ಗೆರೆಗಳ ಸಂಖ್ಯೆ ಬದಲಾಗುತ್ತದೆ. ಬೆಲೆ ಕಾರಿನಿಂದ ಕಾರಿಗೆ ಬಹಳ ಬೇರೆ. ಅಂದಾಜು ಪಟ್ಟಿ ಕೇಳುವಾಗ ಪುಲ್ಲಿ, ಬೋಲ್ಟ್, ಬೆಲ್ಟ್, ಬೇಕಾದರೆ ಸೀಲ್, ಕೂಲಿ ಇವನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಗುಜರಿಯಿಂದ ತಂದ ಪುಲ್ಲಿ ಅಗ್ಗವೆಂದು ಹಾಕಿಸಬೇಡಿ. ಲೋಹ ಹೊಸದರಂತೆ ಕಂಡರೂ ರಬ್ಬರಿನ ವಯಸ್ಸು ಕಡಿಮೆಯಾಗುವುದಿಲ್ಲ.

ವಿಮೆಯಲ್ಲಿ ಹಣ ಸಿಗುತ್ತದೆಯೇ?

ಸಾಮಾನ್ಯ ಮೋಟಾರು ವಿಮೆ ಸವೆತವನ್ನೂ ಯಾಂತ್ರಿಕ ಕೆಡುಕನ್ನೂ ಒಳಗೊಳ್ಳುವುದಿಲ್ಲ. ದಾರಿಬದಿಯ ಸಹಾಯದ ಸೌಲಭ್ಯ ಸೇರಿಸಿಕೊಂಡಿದ್ದರೆ ಗಾಡಿ ಎಳೆಸುವ ಖರ್ಚು ಉಳಿಯುತ್ತದೆ. ವಾರಂಟಿ ಅಥವಾ ವಿಸ್ತರಿತ ವಾರಂಟಿ ಚಾಲ್ತಿಯಲ್ಲಿದ್ದರೆ ಪುಲ್ಲಿ ಅದರಡಿ ಬರುತ್ತದೆಯೇ ಎಂದು ಲಿಖಿತವಾಗಿ ಕೇಳಿ.

ದೋಷವನ್ನು ತಪ್ಪಾಗಿ ಗುರುತಿಸಿ ಸುಮ್ಮನೆ ಭಾಗಗಳನ್ನು ಬದಲಿಸಿದ ಸರ್ವಿಸ್ ಸೆಂಟರ್ ಮೇಲೆ ದೂರು ಕೊಡಬಹುದೇ?

ಕೊಡಬಹುದು. ಮೊದಲು ಅವರಿಗೇ ಇಮೇಲ್ ಅಥವಾ ಪತ್ರದಲ್ಲಿ ಬರೆಯಿರಿ. ಸರಿಹೋಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅದರ ನಂತರ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗ. ಸೇವೆಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ದೂರನ್ನು ಎರಡು ವರ್ಷದೊಳಗೆ ಸಲ್ಲಿಸಬೇಕು. ನೀವು ವಾಸಿಸುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಜಾಬ್ ಕಾರ್ಡ್, ಬಿಲ್ಲುಗಳು, ತೆಗೆದ ಹಳೆಯ ಭಾಗ, ಸೀಮೆಸುಣ್ಣದ ಗೆರೆ ಜಾರಿದ ಫೋಟೊ, ಓಲಾಡುವ ಪುಲ್ಲಿಯ ವಿಡಿಯೊ ಎಲ್ಲವನ್ನೂ ಜೋಪಾನ ಮಾಡಿ. ನಾನು ಬಿಲ್ಲುಗಳನ್ನೂ ಹಳೆಯ ಪುಲ್ಲಿಯ ಫೋಟೊವನ್ನೂ ಲಗತ್ತಿಸಿ ಬರೆದ ಮೇಲೆ ಟೆನ್ಷನರಿನ ಹಣ ಮರಳಿಸಿದರು. ಆಯೋಗದವರೆಗೆ ಹೋಗುವ ಪ್ರಮೇಯ ಬರಲಿಲ್ಲ.

ಪೆಟ್ರೋಲ್ ಕಾರಿಗೂ ಇದೆಲ್ಲ ಅನ್ವಯಿಸುತ್ತದೆಯೇ? ಎಲೆಕ್ಟ್ರಿಕ್ ಕಾರಿಗೆ?

ಅನೇಕ ಪೆಟ್ರೋಲ್ ಕಾರುಗಳಲ್ಲೂ ರಬ್ಬರ್ ಪುಲ್ಲಿ ಇರುತ್ತದೆ, ಹೊಡೆತ ಕಡಿಮೆಯಾದ್ದರಿಂದ ಸಾಮಾನ್ಯವಾಗಿ ಹೆಚ್ಚು ಬಾಳುತ್ತದೆ. ಸ್ಟೀರಿಂಗ್ ವಿದ್ಯುತ್ತಿನದಾಗಿದ್ದರೆ ಬೆಲ್ಟ್ ಹೋದ ಕೂಡಲೇ ಭಾರವಾಗುವುದಿಲ್ಲ, ಬ್ಯಾಟರಿ ದೀಪವೇ ನಿಮಗಿರುವ ಮುನ್ಸೂಚನೆ. ಪೂರ್ಣ ಎಲೆಕ್ಟ್ರಿಕ್ ಕಾರಿನಲ್ಲಿ ಎಂಜಿನ್ನೇ ಇಲ್ಲ, ಈ ಪುಲ್ಲಿಯೂ ಇಲ್ಲ.

ಹಳೆಯ ಕಾರು ಕೊಳ್ಳುವಾಗ ಇದನ್ನು ಹೇಗೆ ನೋಡುವುದು?

ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಗಿ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಸ್ಟಾರ್ಟ್ ಮಾಡಿ ಎ.ಸಿ., ಹೆಡ್‌ಲೈಟ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿ, ಸ್ಟೀರಿಂಗನ್ನು ಒಂದು ಕೊನೆಯವರೆಗೆ ತಿರುಗಿಸಿ ಕಿವಿಗೊಡಿ. ಬಾನೆಟ್ ಎತ್ತಿ ಬೆಲ್ಟ್ ನೇರವಾಗಿ ಓಡುತ್ತಿದೆಯೇ, ಟೆನ್ಷನರ್ ನಿಶ್ಚಲವಾಗಿದೆಯೇ ನೋಡಿ. ಬೆಲ್ಟ್ ಹೊಚ್ಚಹೊಸದಾಗಿದ್ದು ಸರ್ವಿಸ್ ದಾಖಲೆಯಲ್ಲಿ ಇತ್ತೀಚೆಗೆ ಅದು ಎರಡು ಸಲ ಬದಲಾಗಿದ್ದರೆ, ಚಕ್ರ ಬಿಚ್ಚಿಸಿ ಪುಲ್ಲಿಯ ರಬ್ಬರ್ ನೋಡದೆ ಮುಂಗಡ ಕೊಡಬೇಡಿ.